ಒಂದೇ ಜಾವಾ ಕೋಡ್, ಎರಡು ಯಂತ್ರ, ಎರಡು ಉತ್ತರ: ಕೊನೆಯ ಬಿಟ್‌ನ ವ್ಯತ್ಯಾಸ ಹಿಡಿಯುವ ಬಗೆ

ಪುಣೆಯ ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೂತು ಬರೆದ ಜಾವಾ ಕೋಡ್ ಎಷ್ಟೋ ಸಲ ಓಡುವುದು ಮುಂಬೈಯ ಡೇಟಾ ಸೆಂಟರ್‌ನಲ್ಲಿ. ಬರೆದವರ ಮೇಜಿನ ಮೇಲೆ ಆಪಲ್‌ನ ಎಂ ಸರಣಿಯ ಲ್ಯಾಪ್‌ಟಾಪ್, ಅಂದರೆ ಆರ್ಮ್ ಚಿಪ್; ಅಲ್ಲಿ ಇಂಟೆಲ್ ಅಥವಾ ಎಎಂಡಿ. ಇಲ್ಲಿ ಜಾವಾ 21, ಅಲ್ಲಿ ಇನ್ನೂ 8 ಅಥವಾ 11. ಇಲ್ಲಿ ಪಾಸ್ ಆದ ಟೆಸ್ಟ್ ಅಲ್ಲಿ ಫೇಲ್ ಆಗುತ್ತದೆ. ಸಾಲದ ಕಂತಿನಲ್ಲಿ ಒಂದು ರೂಪಾಯಿ ಹೆಚ್ಚು ಬರುತ್ತದೆ. ದೂರದ ಲೆಕ್ಕದಲ್ಲಿ ಸಂಖ್ಯೆ ಇರಬೇಕಾದ ಕಡೆ 'ನ್ಯಾನ್' (ಸಂಖ್ಯೆಯಲ್ಲ ಎಂಬ ಗುರುತು) ಕೂತಿರುತ್ತದೆ.

"ಫ್ಲೋಟಿಂಗ್ ಪಾಯಿಂಟ್ ಅಂದ್ರೆ ಹಾಗೇ, ಬಿಡ್ರಿ" ಎಂದು ಟಿಕೆಟ್ ಮುಚ್ಚುವವರೇ ಹೆಚ್ಚು. ಜಾವಾ ಮಟ್ಟಿಗೆ ಈ ಮಾತು ಸರಿಯಲ್ಲ. ಡಬಲ್ (64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ) ಲೆಕ್ಕದಲ್ಲಿ ಯಾವುದು ಎಲ್ಲ ಕಡೆ ಒಂದೇ ಬರಲೇಬೇಕು, ಯಾವುದರಲ್ಲಿ ಎಷ್ಟು ಸಡಿಲ ಇದೆ ಎಂಬುದನ್ನು ಜಾವಾದ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಹಾಗಾಗಿ ವ್ಯತ್ಯಾಸ ಬಂತೆಂದರೆ ಅದಕ್ಕೆ ಹುಡುಕಿದರೆ ಸಿಗುವ ಕಾರಣ ಇದ್ದೇ ಇರುತ್ತದೆ. ಹುಡುಕಬೇಕಾದ್ದು ಎರಡು ಸಾಲು. ಒಂದು, ಬಿಟ್ ಮೊದಲ ಸಲ ಬೇರೆಯಾದ ಸಾಲು. ಇನ್ನೊಂದು, ಆ ಒಂದು ಬಿಟ್‌ನ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಷ್ಟು ಹಿಗ್ಗಿಸಿದ ಸಾಲು. ಹೆಚ್ಚಿನವರು ಮೊದಲನೆಯದು ಸಿಕ್ಕ ಕೂಡಲೇ ನಿಲ್ಲಿಸುತ್ತಾರೆ. ರಿಪೇರಿ ಆಗಬೇಕಾದ್ದು ಸಾಮಾನ್ಯವಾಗಿ ಎರಡನೆಯದರಲ್ಲಿ.

ಯಾವುದನ್ನು ಅನುಮಾನಿಸಬೇಕಿಲ್ಲ

ಕೂಡು, ಕಳೆ, ಗುಣಿಸು, ಭಾಗಿಸು, ಶೇಷ, ಮ್ಯಾಥ್.ಎಸ್‌ಕ್ಯೂಆರ್‌ಟಿ (ವರ್ಗಮೂಲ), ಫ್ಲೋರ್, ಸೀಲ್, ರಿಂಟ್, ಆಬ್ಸ್, ಜಾವಾ 9ರಲ್ಲಿ ಬಂದ ಮ್ಯಾಥ್.ಎಫ್‌ಎಂಎ (ಗುಣಿಸಿ ಕೂಡಿ ಒಂದೇ ಸಲ ರೌಂಡ್ ಮಾಡುವುದು): ಇವೆಲ್ಲ ಫ್ಲೋಟಿಂಗ್ ಪಾಯಿಂಟ್‌ನ ಮಾನದಂಡವಾದ ಐಇಇಇ 754ರ ಪ್ರಕಾರ ಒಂದೇ ಉತ್ತರ ಕೊಡಲೇಬೇಕು. ಇಂಟೆಲ್ ಆಗಲಿ ಆರ್ಮ್ ಆಗಲಿ, ಜಾವಾ ಓಡಿಸುವ ಜೆವಿಎಂ ಹಾಟ್‌ಸ್ಪಾಟ್ ಆಗಲಿ ಓಪನ್‌ಜೆ9 ಆಗಲಿ, ಕೊನೆಯ ಬಿಟ್‌ವರೆಗೆ ಒಂದೇ. 'ಎ ಗುಣಿಸು ಬಿ, ಕೂಡು ಸಿ' ಎಂದು ಬರೆದರೆ ಜಾವಾ ಜಿಟ್ (ಓಡುವಾಗಲೇ ಕೋಡನ್ನು ಯಂತ್ರಭಾಷೆ ಮಾಡುವ ಕಂಪೈಲರ್) ತಾನಾಗಿ ಅದನ್ನು ಎಫ್‌ಎಂಎ ಮಾಡುವುದಿಲ್ಲ. ನೀವೇ ಕರೆದರೆ ಮಾತ್ರ ಮಾಡುತ್ತದೆ.

ಇದಕ್ಕೊಂದು ಹಳೆಯ ಅಪವಾದ ಉಂಟು. 1998ರಲ್ಲಿ ಬಂದ ಜಾವಾ 1.2, ಇಂಟೆಲ್‌ನ ಹಳೆಯ ಎಕ್ಸ್87 ಘಟಕದ 80 ಬಿಟ್ ರಿಜಿಸ್ಟರ್‌ಗಳ ಸಲುವಾಗಿ ಮಧ್ಯಂತರ ಲೆಕ್ಕದಲ್ಲಿ ಎಕ್ಸ್‌ಪೊನೆಂಟ್‌ಗೆ (ಘಾತದ ಭಾಗಕ್ಕೆ) ಸ್ವಲ್ಪ ಹೆಚ್ಚು ವ್ಯಾಪ್ತಿ ಬಿಟ್ಟುಕೊಟ್ಟಿತು. ಕಟ್ಟುನಿಟ್ಟು ಬೇಕಾದವರಿಗೆ 'ಸ್ಟ್ರಿಕ್ಟ್‌ಎಫ್‌ಪಿ' ಎಂಬ ಕೀವರ್ಡ್ ಕೊಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 17 ಆ ಸಡಿಲವನ್ನು ಪೂರ್ತಿ ತೆಗೆದುಹಾಕಿತು. ಜಾವಾ ಬದಲಾವಣೆಯ ಪ್ರಸ್ತಾವ ಜೆಇಪಿ 306 ಎಂದು ಹುಡುಕಿದರೆ ವಿವರ ಸಿಗುತ್ತದೆ. ಈಗ ಆ ಕೀವರ್ಡ್ ಬರೆದರೂ ಬಿಟ್ಟರೂ ಒಂದೇ. ಇಂಟೆಲ್ ಮೇಲಿನ 64 ಬಿಟ್ ಜೆವಿಎಂಗಳು ಮೊದಲಿಂದಲೂ ಕೂಡು, ಗುಣಿಸು ಮೊದಲಾದವುಗಳಿಗೆ ಎಸ್‌ಎಸ್‌ಇ2 ಸೂಚನೆಗಳನ್ನೇ ಬಳಸುವುದರಿಂದ, ಜಾವಾ 8ರಲ್ಲಿದ್ದರೂ ಈ ತೊಂದರೆ ನಿಮಗೆ ತಟ್ಟುವುದಿಲ್ಲ. ಎಲ್ಲಾದರೂ 32 ಬಿಟ್ ಜೆವಿಎಂ ಇನ್ನೂ ಓಡುತ್ತಿದ್ದರೆ ಮಾತ್ರ ಮೊದಲು ಅದನ್ನು ನೋಡಿ. ಫೋರಮ್‌ಗಳ ಹಳೆಯ ಉತ್ತರ ಓದಿ ಇಡೀ ಕೋಡ್‌ಗೆ ಸ್ಟ್ರಿಕ್ಟ್‌ಎಫ್‌ಪಿ ಹಚ್ಚಿದರೆ ದಿನ ಹಾಳು, ಫಲ ಸೊನ್ನೆ.

ಪರಿಸರ ಬರೆದಿಡಿ

ಎರಡೂ ಯಂತ್ರಗಳಲ್ಲಿ, ಪ್ರೋಗ್ರಾಂ ಒಳಗಿನಿಂದಲೇ, ಸಿಸ್ಟಂ ಪ್ರಾಪರ್ಟಿಗಳಾದ ಜಾವಾ.ವಿಎಂ.ನೇಮ್, ಜಾವಾ.ವಿಎಂ.ವರ್ಷನ್, ಓಎಸ್.ಆರ್ಚ್ ಮತ್ತು ಲೊಕೇಲ್ ಅನ್ನು ಲಾಗ್‌ಗೆ ಬರೆಯಿರಿ. ಜೆಡಿಕೆ (ಜಾವಾದ ಕಂಪೈಲರ್, ಜೆವಿಎಂ ಇರುವ ಕಟ್ಟು) ಜೊತೆ ಬರುವ ಜೆಸಿಎಂಡಿ ಬಳಸಿ 'ವಿಎಂ.ಫ್ಲ್ಯಾಗ್ಸ್' ಕೇಳಿ ಅದನ್ನೂ ಸೇರಿಸಿ. ಕಂಟೇನರ್ ಇದ್ದರೆ ಇಮೇಜಿನ ಹೆಸರು ಸಾಲದು, ಡೈಜೆಸ್ಟ್ (ಒಳಗಿನದರಿಂದಲೇ ಲೆಕ್ಕ ಹಾಕಿದ ಗುರುತು) ಬೇಕು. 'ಲೇಟೆಸ್ಟ್' ಎಂಬ ಟ್ಯಾಗ್ ಎರಡು ಕಡೆ ಎರಡು ಜೆಡಿಕೆ ತಂದುಕೊಟ್ಟಿರುವುದು ಅಪರೂಪವೇನಲ್ಲ.

ಮ್ಯಾಕ್‌ನಲ್ಲಿ ಡಾಕರ್ ಓಡಿಸುವವರು ಓಎಸ್.ಆರ್ಚ್ ಅನ್ನು ಕಂಟೇನರ್‌ನ ಒಳಗೇ ನೋಡಬೇಕು. ಎಎಂಡಿ64 ಇಮೇಜ್ ಎಮ್ಯುಲೇಶನ್‌ನಲ್ಲಿ ಓಡುತ್ತಿದ್ದರೆ ಜೆವಿಎಂ ಇಂಟೆಲ್‌ಗಾಗಿ ಬರೆದ ಗಣಿತದ ಕೋಡನ್ನೇ ಬಳಸುತ್ತದೆ. ಲ್ಯಾಪ್‌ಟಾಪ್ ಆರ್ಮ್ ಆದ್ದರಿಂದ ಉತ್ತರವೂ ಆರ್ಮ್‌ನದೇ ಎಂದುಕೊಂಡು ಹೊರಟರೆ ಮುಂದಿನ ಹೋಲಿಕೆಯೆಲ್ಲ ತಲೆಕೆಳಗು.

ಅಚ್ಚಾದ ಅಂಕೆ ಬೇಡ, ಬಿಟ್ ನೋಡಿ

0.3 ಮತ್ತು 0.1 ಕೂಡು 0.2, ಇವೆರಡನ್ನೂ ಎರಡು ದಶಮಾಂಶಕ್ಕೆ ಅಚ್ಚು ಹಾಕಿದರೆ 0.30 ಎಂದೇ ಕಾಣುತ್ತವೆ. ಪೂರ್ತಿ ಅಚ್ಚು ಹಾಕಿದರೆ ಎರಡನೆಯದು 0.30000000000000004. ಬಿಟ್‌ಗಳನ್ನು ಹೆಕ್ಸ್‌ನಲ್ಲಿ (16ರ ಪದ್ಧತಿಯ ಅಂಕೆಗಳಲ್ಲಿ) ನೋಡಿದರೆ ಮೊದಲನೆಯದರ ಕೊನೆಯ ಅಂಕೆ 3, ಎರಡನೆಯದರದು 4. ಉಳಿದ ಹದಿನೈದು ಅಂಕೆಗಳೂ ಒಂದೇ. ನೋಡಬೇಕಾದ್ದು ಹೀಗೆ: ಡಬಲ್.ಡಬಲ್‌ಟುಲಾಂಗ್‌ಬಿಟ್ಸ್ ಕರೆದು ಬಂದ ಲಾಂಗ್ (64 ಬಿಟ್ ಪೂರ್ಣಾಂಕ) ಅನ್ನು ಹೆಕ್ಸ್‌ನಲ್ಲಿ ಬರೆಯಿರಿ, ಇಲ್ಲವೇ ಡಬಲ್.ಟುಹೆಕ್ಸ್‌ಸ್ಟ್ರಿಂಗ್ ಬಳಸಿ. ಎರಡನೆಯದು ಓದಲು ಸುಲಭ, ಅದನ್ನೇ ಮರಳಿ ಪಾರ್ಸ್ ಮಾಡಿದರೆ ಅದೇ ಸಂಖ್ಯೆ ಸಿಗುತ್ತದೆ. ಹೆಸರಿನಲ್ಲಿ 'ರಾ' ಇರುವ ಮೆಥಡ್ ನ್ಯಾನ್‌ನ ಒಳಗಿನ ಬಿಟ್‌ಗಳನ್ನೂ ತೋರಿಸುತ್ತದೆ. ಅವು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು, ಅದು ಬಗ್ ಅಲ್ಲ. ಆದ್ದರಿಂದ ಹೋಲಿಕೆಗೆ 'ರಾ' ಇಲ್ಲದ್ದೇ ಒಳ್ಳೆಯದು.

ಒಂದು ಡಬಲ್ ನಿಜಕ್ಕೂ ಯಾವ ದಶಮಾಂಶ ಎಂದು ಪೂರ್ತಿ ನೋಡಬೇಕೆಂದರೆ ಅದನ್ನು 'ನ್ಯೂ ಬಿಗ್‌ಡೆಸಿಮಲ್'ಗೆ ಕೊಡಿ. 0.1 ಕೊಟ್ಟರೆ 0.1000000000000000055511151231257827021181583404541015625 ಎಂದು ಉತ್ತರ ಬರುತ್ತದೆ. 0.1 ಎಂದು ನಾವು ಬರೆದದ್ದು ಯಂತ್ರದೊಳಗೆ ಇರುವುದು ಹೀಗೆ.

ಅಂತರವನ್ನು ಯುಎಲ್‌ಪಿಯಲ್ಲಿ ಅಳೆಯಿರಿ. ಒಂದು ಡಬಲ್‌ಗೂ ಅದರ ಪಕ್ಕದ ಡಬಲ್‌ಗೂ ಇರುವ ದೂರವೇ ಒಂದು ಯುಎಲ್‌ಪಿ, ಮ್ಯಾಥ್.ಯುಎಲ್‌ಪಿ ಅದನ್ನು ಕೊಡುತ್ತದೆ. ಒಂದೇ ಚಿಹ್ನೆಯ ಎರಡು ಸಂಖ್ಯೆಗಳಾದರೆ ಅವುಗಳ ಲಾಂಗ್ ಬಿಟ್‌ಗಳನ್ನು ಕಳೆದರೆ ಸಾಕು, ಎಷ್ಟು ಯುಎಲ್‌ಪಿ ಅಂತರ ಎಂದು ಗೊತ್ತಾಗುತ್ತದೆ. ರೂಪಾಯಿ ಲೆಕ್ಕದಲ್ಲಿ ಇದರ ಅಳತೆ ತಲೆಯಲ್ಲಿರಲಿ: ಒಂದು ಕೋಟಿಯ ಹತ್ತಿರ ಒಂದು ಯುಎಲ್‌ಪಿ ಸುಮಾರು 0.0000000019 ರೂಪಾಯಿ, ನೂರು ಕೋಟಿಯ ಹತ್ತಿರ ಸುಮಾರು 0.00000012, ಒಂದು ಲಕ್ಷ ಕೋಟಿಯ ಹತ್ತಿರ ಸುಮಾರು 0.00012. ಫ್ಲೋಟ್ ಆದರೆ ಕತೆಯೇ ಬೇರೆ: 1,67,77,216 ದಾಟಿದ ಮೇಲೆ ಬೆಸ ರೂಪಾಯಿಯನ್ನು ಅದು ಹಿಡಿದಿಡಲಾರದು. ಹಣಕ್ಕೆ ಫ್ಲೋಟ್ ಬಳಸಿದ ಕೋಡ್ ಕಂಡರೆ ಜೆವಿಎಂ ವ್ಯತ್ಯಾಸ ಹುಡುಕುವ ಮೊದಲು ಅದನ್ನು ತೆಗೆಯಿರಿ.

ಬಿಟ್‌ನಲ್ಲಿ ಅಂತರ 1 ಅಥವಾ 2 ಯುಎಲ್‌ಪಿ ಎಂದರೆ ಗಣಿತದ ಲೈಬ್ರರಿ ಅಥವಾ ಕೂಡುವ ಕ್ರಮದ ಮೇಲೆ ಅನುಮಾನ ಪಡಿ. ಲಕ್ಷಗಟ್ಟಲೆ ಯುಎಲ್‌ಪಿ ಎಂದರೆ ಹತ್ತಿರದ ಎರಡು ದೊಡ್ಡ ಸಂಖ್ಯೆಗಳನ್ನು ಎಲ್ಲೋ ಕಳೆದಿದ್ದೀರಿ, ಇಲ್ಲವೇ ಒಳಗೆ ಬಂದ ಸಂಖ್ಯೆಯೇ ಬೇರೆ. ಅಂತರ ಸೊನ್ನೆ, ಆದರೆ ಅಚ್ಚಾದದ್ದು ಬೇರೆ ಎಂದರೆ ಲೆಕ್ಕ ಸರಿಯಿದೆ. ತೊಂದರೆ ಇರುವುದು ಸಂಖ್ಯೆಯನ್ನು ಅಕ್ಷರ ಮಾಡುವ ಕಡೆ.

ಅಚ್ಚು ಹಾಕುವ ಕೋಡೇ ಬದಲಾಗಿರಬಹುದು

ಜೆಡಿಕೆ ಬದಲಿಸಿದಾಗ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದರದೇ. ಜಾವಾ 7ರಲ್ಲಿ 0.8055 ಅನ್ನು ಡೆಸಿಮಲ್‌ಫಾರ್ಮ್ಯಾಟ್ ಮೂಲಕ ಮೂರು ದಶಮಾಂಶಕ್ಕೆ ಇಳಿಸಿದರೆ 0.806 ಬರುತ್ತಿತ್ತು. ಜಾವಾ 8ರಿಂದ 0.805 ಬರುತ್ತದೆ. ಹೊಸದೇ ಸರಿ, ಏಕೆಂದರೆ ಯಂತ್ರದೊಳಗಿನ ಸಂಖ್ಯೆ 0.80549999 ಎಂದು ಶುರುವಾಗುತ್ತದೆ, ಅರ್ಧಕ್ಕಿಂತ ಕೂದಲೆಳೆ ಕೆಳಗೆ. ಹಾಗೆಯೇ ಮ್ಯಾಥ್.ರೌಂಡ್‌ಗೆ 0.49999999999999994 ಕೊಟ್ಟರೆ ಜಾವಾ 6ರಲ್ಲಿ 1 ಬರುತ್ತಿತ್ತು, 7ರಿಂದ 0.

ಜಾವಾ 19ರಲ್ಲಿ ಡಬಲ್.ಟುಸ್ಟ್ರಿಂಗ್ ಬದಲಾಯಿತು. 2ರ ಮುಂದೆ 23 ಸೊನ್ನೆ ಇರುವ ಸಂಖ್ಯೆಯನ್ನು ಹಳೆಯ ಆವೃತ್ತಿಗಳು 1.9999999999999998 ಗುಣಿಸು ಹತ್ತರ 23ನೇ ಘಾತ ಎಂದು ಅಚ್ಚು ಹಾಕುತ್ತಿದ್ದವು, 19ರಿಂದ 2.0 ಎಂದೇ ಬರುತ್ತದೆ. ಡಬಲ್ ಅದೇ, ಅಕ್ಷರ ಮಾತ್ರ ಬೇರೆ. ಇಲ್ಲೊಂದು ಅಡಗಿದ ಹಳ್ಳ ಇದೆ: ಬಿಗ್‌ಡೆಸಿಮಲ್.ವ್ಯಾಲ್ಯೂಆಫ್‌ಗೆ ಡಬಲ್ ಕೊಟ್ಟರೆ ಅದು ಒಳಗೆ ಟುಸ್ಟ್ರಿಂಗ್ ಅನ್ನೇ ಕರೆಯುತ್ತದೆ. ಹೀಗಾಗಿ ಅಕ್ಷರದ ಈ ಬದಲಾವಣೆ ಅಪರೂಪಕ್ಕೆ ಲೆಕ್ಕದೊಳಕ್ಕೂ ನುಸುಳಬಹುದು.

ಒಳಗೆ ಬಂದದ್ದು ಒಂದೇನಾ?

ಲೆಕ್ಕದ ಬಾಗಿಲಲ್ಲೇ ಎಲ್ಲ ಇನ್‌ಪುಟ್‌ಗಳ ಹೆಕ್ಸ್ ಬರೆದು ಎರಡೂ ಕಡೆ ಹೋಲಿಸಿ. ಡಬಲ್ ಒಂದು ಅಕ್ಷರರೂಪಕ್ಕೆ ಹೋಗಿ ಕೆಡದೆ ಮರಳಬೇಕಾದರೆ 17 ಸಾರ್ಥಕ ಅಂಕೆಗಳು ಬೇಕು. ಎಕ್ಸೆಲ್ 15 ಇಟ್ಟುಕೊಳ್ಳುತ್ತದೆ. ಮಧ್ಯೆ ಯಾರೋ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರೆ ನೀವು ಜೆವಿಎಂ ದೂರಿ ಪ್ರಯೋಜನವಿಲ್ಲ. ಡೇಟಾಬೇಸ್‌ನಲ್ಲಿ ಡೆಸಿಮಲ್ ಕಾಲಂ ಇದ್ದು ಒಂದು ಕಡೆ ಗೆಟ್‌ಡಬಲ್, ಇನ್ನೊಂದು ಕಡೆ ಗೆಟ್‌ಬಿಗ್‌ಡೆಸಿಮಲ್ ಮೂಲಕ ಓದಿದ್ದಾರೆಯೇ ಎಂಬುದನ್ನೂ ನೋಡಿ.

ಮೊದಲು ಬೇರೆಯಾದ ಸಾಲನ್ನು ಅರ್ಧರ್ಧ ಮಾಡಿ ಹಿಡಿಯಿರಿ

ಇನ್‌ಪುಟ್ ಒಂದೇ, ಔಟ್‌ಪುಟ್ ಬೇರೆ ಎಂದು ಖಚಿತವಾದ ಮೇಲೆ ಲೆಕ್ಕದ ನಡುವೆ ಒಂದು ಕಡೆ ಎಲ್ಲ ಡಬಲ್‌ಗಳನ್ನೂ ಹೆಕ್ಸ್‌ನಲ್ಲಿ ಫೈಲಿಗೆ ಬರೆಯಿರಿ. ಪ್ರತಿ ಸಾಲಿಗೆ ಒಂದು ಲೇಬಲ್, ದಾಖಲೆಯ ಗುರುತು, ಹೆಕ್ಸ್ ಬೆಲೆ. ಎರಡೂ ಯಂತ್ರಗಳ ಫೈಲುಗಳನ್ನು ಡಿಫ್ ಮಾಡಿ. ಅಲ್ಲಿಯವರೆಗೆ ಒಂದೇ ಇದ್ದರೆ ಮುಂದಿನ ಅರ್ಧಕ್ಕೆ ಹೋಗಿ, ಇಲ್ಲದಿದ್ದರೆ ಹಿಂದಿನ ಅರ್ಧಕ್ಕೆ. ಸಾವಿರ ಸಾಲಿನ ಲೆಕ್ಕವಾದರೂ ಹತ್ತು ಸುತ್ತಿನಲ್ಲಿ ಒಂದು ಸಾಲಿಗೆ ಬರುತ್ತೀರಿ.

ಡಿಬಗ್ಗರ್‌ನಲ್ಲಿ ನಿಲ್ಲಿಸಿ ನೋಡುವುದಕ್ಕಿಂತ ಹೀಗೆ ಫೈಲಿಗೆ ಬರೆಯುವುದು ಮೇಲು. ಬ್ರೇಕ್‌ಪಾಯಿಂಟ್ ಹಾಕಿದ ಮೆಥಡ್ ಇಂಟರ್‌ಪ್ರಿಟರ್‌ನಲ್ಲಿ ಓಡುತ್ತದೆ. ತೊಂದರೆ ಜಿಟ್ ಕಂಪೈಲ್ ಆದ ಕೋಡ್‌ನಲ್ಲಿದ್ದರೆ ನೀವು ನೋಡುತ್ತಿರುವಾಗ ಅದು ಕಾಣಿಸಿಕೊಳ್ಳುವುದೇ ಇಲ್ಲ.

ಆ ಸಾಲು ಮೊತ್ತ ಕೂಡುತ್ತಿದ್ದರೆ

0.1, 0.2, 0.3 ಅನ್ನು ಈ ಕ್ರಮದಲ್ಲಿ ಕೂಡಿದರೆ 0.6000000000000001. ಮೊದಲು 0.2 ಮತ್ತು 0.3, ಆಮೇಲೆ 0.1 ಕೂಡಿದರೆ 0.6. ಇಬ್ಬರೂ ಐಇಇಇ ಪ್ರಕಾರವೇ ನಡೆದಿದ್ದಾರೆ, ಕ್ರಮ ಮಾತ್ರ ಬೇರೆ. ಹಾಗಾದರೆ ನಿಮ್ಮ ಕೋಡ್‌ನಲ್ಲಿ ಕ್ರಮ ಎಲ್ಲಿ ಸಡಿಲವಾಗಿದೆ?

ಸೆಟ್.ಆಫ್ ಮತ್ತು ಮ್ಯಾಪ್.ಆಫ್‌ನಿಂದ ಮಾಡಿದ ಸಂಗ್ರಹಗಳನ್ನು ಮೊದಲು ನೋಡಿ. ಓಪನ್‌ಜೆಡಿಕೆ ಇವುಗಳ ಕ್ರಮವನ್ನು ಜೆವಿಎಂ ಶುರುವಾಗುವಾಗ ಆರಿಸಿಕೊಂಡ ಒಂದು ಯಾದೃಚ್ಛಿಕ ಸಂಖ್ಯೆಯಿಂದ ನಿರ್ಧರಿಸುತ್ತದೆ, ಜನ ಕ್ರಮದ ಮೇಲೆ ಅವಲಂಬಿಸದಿರಲಿ ಎಂದೇ. ಅಂದರೆ ಅದೇ ಯಂತ್ರ, ಅದೇ ಜೆಡಿಕೆ, ಎರಡನೇ ಸಲ ಓಡಿಸಿದರೂ ಮೊತ್ತ ಬದಲಾಗಬಹುದು. ಹ್ಯಾಶ್‌ಕೋಡ್ ಬರೆಯದ ಆಬ್ಜೆಕ್ಟ್‌ಗಳನ್ನು ಹ್ಯಾಶ್‌ಮ್ಯಾಪ್‌ನ ಕೀ ಮಾಡಿದರೂ ಇದೇ ಪಾಡು. ಆರ್ಡರ್ ಬೈ ಇಲ್ಲದ ಎಸ್‌ಕ್ಯೂಎಲ್, ಫೋಲ್ಡರ್‌ನ ಫೈಲುಗಳನ್ನು ಲಿಸ್ಟ್‌ಫೈಲ್ಸ್ ಕೊಟ್ಟ ಹಾಗೇ ಓದುವುದು, ಪ್ಯಾರಲಲ್ ಸ್ಟ್ರೀಮ್‌ನಲ್ಲಿ ಡಬಲ್‌ಗಳನ್ನು ರೆಡ್ಯೂಸ್ ಮಾಡುವುದು, ಇವೂ ಅದೇ ಸಾಲಿಗೆ ಸೇರುತ್ತವೆ.

ಡಬಲ್‌ಸ್ಟ್ರೀಮ್.ಸಮ್ ಒಳಗೆ ತಿದ್ದುಪಡಿ ಸಹಿತ ಕೂಡಿಕೆ ಮಾಡುತ್ತದೆ, ಸಾದಾ ಫಾರ್ ಲೂಪ್ ಮಾಡುವುದಿಲ್ಲ. ಆದ್ದರಿಂದ ಯಾರಾದರೂ ಲೂಪನ್ನು 'ಚೊಕ್ಕ ಮಾಡಿ' ಸ್ಟ್ರೀಮ್‌ಗೆ ತಿರುಗಿಸಿದ್ದರೆ ಉತ್ತರದ ಬಾಲ ಬದಲಾಗುವುದು ಸಹಜ. ವೆಕ್ಟರ್ ಎಪಿಐ (ಹಲವು ಸಂಖ್ಯೆಗಳನ್ನು ಒಂದೊಂದು ಲೇನ್‌ನಲ್ಲಿಟ್ಟು ಒಟ್ಟಿಗೆ ಲೆಕ್ಕ ಮಾಡುವುದು) ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ರೆಡ್ಯೂಸ್‌ಲೇನ್ಸ್‌ನಲ್ಲಿ ಕೂಡುವ ಕ್ರಮವನ್ನು ಜಾವಾ ನಿಗದಿ ಮಾಡಿಲ್ಲ. ಲೇನ್‌ಗಳ ಸಂಖ್ಯೆಯೂ ಚಿಪ್‌ನಿಂದ ಚಿಪ್‌ಗೆ ಬೇರೆ: ಎವಿಎಕ್ಸ್-512ರಲ್ಲಿ ಎಂಟು ಡಬಲ್, ಎವಿಎಕ್ಸ್2ರಲ್ಲಿ ನಾಲ್ಕು, ಆರ್ಮ್‌ನ ನಿಯಾನ್‌ನಲ್ಲಿ ಎರಡು.

ಆ ಸಾಲು ಮ್ಯಾಥ್ ಕ್ಲಾಸನ್ನು ಕರೆಯುತ್ತಿದ್ದರೆ

ಯಂತ್ರದಿಂದ ಯಂತ್ರಕ್ಕೆ ನಿಜವಾದ ವ್ಯತ್ಯಾಸ ಹುಟ್ಟುವ ಮುಖ್ಯ ಜಾಗ ಇದು. ಸೈನ್, ಕಾಸ್, ಎಕ್ಸ್‌ಪ್, ಲಾಗ್, ಪೌ: ಇವುಗಳ ಉತ್ತರ ನಿಜ ಬೆಲೆಯಿಂದ 1 ಯುಎಲ್‌ಪಿ ಒಳಗಿದ್ದರೆ ಸಾಕು ಎನ್ನುತ್ತದೆ ಜಾವಾ. ಏಟ್ಯಾನ್2ಗೆ 2 ಯುಎಲ್‌ಪಿ, ಸೈನ್‌ಹೆಚ್ ಮತ್ತು ಕಾಶ್‌ಗೆ 2.5 ಯುಎಲ್‌ಪಿ ಬಿಟ್ಟಿದೆ. ಈ ಮಿತಿಯೊಳಗೆ ಪ್ರತಿ ಜೆವಿಎಂ ತನ್ನ ಚಿಪ್‌ಗೆ ವೇಗವಾದದ್ದನ್ನು ಆರಿಸಿಕೊಳ್ಳಬಹುದು. ಸ್ಟ್ರಿಕ್ಟ್‌ಮ್ಯಾಥ್ ಕ್ಲಾಸಿಗೆ ಈ ಸ್ವಾತಂತ್ರ್ಯ ಇಲ್ಲ. ಅದು ಎಫ್‌ಡಿಲಿಬ್‌ಎಂ ಎಂಬ ಲೈಬ್ರರಿಯ ಉತ್ತರವನ್ನೇ ಎಲ್ಲೆಡೆ ಕೊಡಬೇಕು.

ಹಾಟ್‌ಸ್ಪಾಟ್‌ನಲ್ಲಿ ನಡೆದದ್ದು ಹೀಗೆ. ಜಾವಾ 8ರಲ್ಲಿ ಇಂಟೆಲ್ ಯಂತ್ರಗಳ ಮೇಲೆ ಸೈನ್, ಲಾಗ್, ಪೌ ಮೊದಲಾದವು ಎಕ್ಸ್87ರ ಹಳೆಯ ಸೂಚನೆಗಳನ್ನು ಬಳಸುತ್ತಿದ್ದವು. ಜಾವಾ 9ರಲ್ಲಿ ಅವುಗಳ ಜಾಗಕ್ಕೆ ಇಂಟೆಲ್‌ನ ಗಣಿತದ ಲೈಬ್ರರಿ ಲಿಬ್‌ಎಂನ ಕೋಡ್ ಬಂತು. ಜಾವಾ 11ರಲ್ಲಿ, ಜೆಇಪಿ 315 ಮೂಲಕ, 64 ಬಿಟ್ ಆರ್ಮ್‌ಗೆ ಸೈನ್, ಕಾಸ್, ಲಾಗ್ ಮೂರಕ್ಕೆ ಪ್ರತ್ಯೇಕ ಕೋಡ್ ಸೇರಿತು. ಇದರಿಂದ ತಿಳಿಯಬೇಕಾದ್ದು ಎರಡು. 8ರಿಂದ 11ಕ್ಕೋ 17ಕ್ಕೋ ಹೋದರೆ ಅದೇ ಇಂಟೆಲ್ ಸರ್ವರ್ ಮೇಲೂ ಕೊನೆಯ ಬಿಟ್ ಅಲ್ಲಲ್ಲಿ ಬದಲಾಗುತ್ತದೆ. ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ ಖರ್ಚು ಉಳಿಸಲೆಂದು ಇಂಟೆಲ್‌ನಿಂದ ಅದರ ಆರ್ಮ್ ಚಿಪ್ ಗ್ರಾವಿಟಾನ್‌ಗೆ ಹೋದರೆ ಜೆಡಿಕೆ ಅದೇ ಇದ್ದರೂ ಬದಲಾಗುತ್ತದೆ.

ಖಚಿತ ಮಾಡಿಕೊಳ್ಳುವ ದಾರಿ ಸರಳ. ಅನುಮಾನದ ಸಾಲಿನಲ್ಲಿ ಮ್ಯಾಥ್ ತೆಗೆದು ಸ್ಟ್ರಿಕ್ಟ್‌ಮ್ಯಾಥ್ ಹಾಕಿ ಎರಡೂ ಕಡೆ ಓಡಿಸಿ. ವ್ಯತ್ಯಾಸ ಹೋಯಿತೆಂದರೆ ಕಾರಣ ಸಿಕ್ಕಿತು. ಕೋಡ್ ಮುಟ್ಟುವಂತಿಲ್ಲ ಎಂದರೆ, ಜಾವಾ 9 ಮತ್ತು ನಂತರದ ಹಾಟ್‌ಸ್ಪಾಟ್‌ನಲ್ಲಿ -ಎಕ್ಸ್‌ಎಕ್ಸ್:+ಅನ್‌ಲಾಕ್‌ಡಯಾಗ್ನಾಸ್ಟಿಕ್‌ವಿಎಂಆಪ್ಶನ್ಸ್ ಕೊಟ್ಟು ಅದರ ಮುಂದೆ -ಎಕ್ಸ್‌ಎಕ್ಸ್:-ಯೂಸ್‌ಲಿಬ್‌ಎಂಇಂಟ್ರಿನ್ಸಿಕ್ ಕೊಡಿ. ಇದು ರೋಗ ಪತ್ತೆಗೆ ಮಾತ್ರ, ಪ್ರೊಡಕ್ಷನ್‌ನಲ್ಲಿ ಬಿಟ್ಟುಬಿಡಬೇಡಿ.

-ಎಕ್ಸ್‌ಇಂಟ್ ಕೊಟ್ಟು ಇಂಟರ್‌ಪ್ರಿಟರ್‌ನಲ್ಲಿ ಓಡಿಸಿದರೆ ಈ ವಿಶೇಷ ಕೋಡ್ ದೂರವಾಗುತ್ತದೆ ಎಂಬ ನಂಬಿಕೆ ತಪ್ಪು. ಇಂಟರ್‌ಪ್ರಿಟರ್‌ಗೂ ಕಂಪೈಲ್ ಆದ ಕೋಡ್‌ಗೂ ಉತ್ತರ ಒಂದೇ ಇರಲೆಂದು ಹಾಟ್‌ಸ್ಪಾಟ್ ಎರಡರಲ್ಲೂ ಅದೇ ಗಣಿತದ ಕೋಡನ್ನು ಬಳಸುತ್ತದೆ. -ಎಕ್ಸ್‌ಇಂಟ್‌ನಲ್ಲೂ ವ್ಯತ್ಯಾಸ ಉಳಿದರೆ ಜಿಟ್ ನಿರ್ದೋಷಿ ಎಂದಷ್ಟೇ ಅರ್ಥ.

ಅದೇ ಯಂತ್ರದಲ್ಲಿ, ಓಡುತ್ತಾ ಓಡುತ್ತಾ ಬದಲಾದರೆ

ಮೊದಲ ಸಾವಿರ ದಾಖಲೆಗಳಿಗೆ ಒಂದು ಉತ್ತರ, ಆಮೇಲೆ ಅದೇ ಇನ್‌ಪುಟ್‌ಗೆ ಇನ್ನೊಂದು ಎಂದರೆ ಜಿಟ್ ಕಡೆ ನೋಡಿ. ಅಪರೂಪ, ಆದರೆ ಆಗಿದೆ: ಜಾವಾ 8ರಲ್ಲಿ ಮ್ಯಾಥ್.ಪೌ ಅನ್ನು ಮತ್ತೆ ಮತ್ತೆ ಕರೆದಾಗ ಉತ್ತರ ಬದಲಾಗುವ ಬಗ್ ಓಪನ್‌ಜೆಡಿಕೆಯಲ್ಲಿ ದಾಖಲಾಗಿತ್ತು. ಪರೀಕ್ಷಿಸಲು ಆ ಒಂದು ಲೆಕ್ಕವನ್ನು ಪ್ರತ್ಯೇಕ ಮೆಥಡ್‌ನಲ್ಲಿಟ್ಟು ಮೊದಲ ಉತ್ತರದ ಬಿಟ್‌ಗಳನ್ನು ಉಳಿಸಿ, ಒಂದು ಲಕ್ಷ ಸಲ ಕರೆದು, ಎಲ್ಲಿ ಬದಲಾಯಿತೋ ಆ ಸುತ್ತಿನ ಸಂಖ್ಯೆ ಅಚ್ಚು ಹಾಕಿ. ಹಾಟ್‌ಸ್ಪಾಟ್‌ನ ಸಿ2 ಕಂಪೈಲರ್ ಸಾಮಾನ್ಯವಾಗಿ 5,000ದಿಂದ 15,000 ಕರೆಗಳ ನಡುವೆ ಕೈಹಾಕುತ್ತದೆ, ಆದ್ದರಿಂದ ಲಕ್ಷ ಸಾಕು. -ಎಕ್ಸ್‌ಬ್ಯಾಚ್ ಕೊಟ್ಟರೆ ಕಂಪೈಲ್ ಮುಗಿಯುವವರೆಗೆ ಓಟ ನಿಲ್ಲುತ್ತದೆ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಸುತ್ತಿನಲ್ಲಿ ತೊಂದರೆ ಕಾಣುತ್ತದೆ. -ಎಕ್ಸ್‌ಎಕ್ಸ್:+ಪ್ರಿಂಟ್‌ಕಂಪೈಲೇಶನ್ ಜೊತೆಗಿಟ್ಟರೆ ಆ ಸುತ್ತಿಗೂ ಕಂಪೈಲ್ ಆದ ಗಳಿಗೆಗೂ ತಾಳೆ ನೋಡಬಹುದು.

ಆಮೇಲೆ ಮೂರು ಓಟ: ಒಂದು -ಎಕ್ಸ್‌ಇಂಟ್ ಜೊತೆ, ಒಂದು -ಎಕ್ಸ್‌ಎಕ್ಸ್:ಟಿಯರ್ಡ್‌ಸ್ಟಾಪ್‌ಅಟ್‌ಲೆವೆಲ್=1 ಜೊತೆ (ಇದು ಸಿ2 ಅನ್ನು ದೂರವಿಡುತ್ತದೆ), ಒಂದು ಏನೂ ಇಲ್ಲದೆ. ಮೊದಲೆರಡು ಒಂದೇ ಆಗಿ ಮೂರನೆಯದು ಬೇರೆಯಾದರೆ ದೋಷ ಸಿ2ನದು. ಸಿಕ್ಕಿದರೆ ಜೆಡಿಕೆಯ ಇತ್ತೀಚಿನ ಅಪ್‌ಡೇಟ್ ಹಾಕಿ ನೋಡಿ. ಆದರೂ ಉಳಿದರೆ ಆ ಚಿಕ್ಕ ಪ್ರೋಗ್ರಾಂ ಸಮೇತ ಬಗ್ ದಾಖಲಿಸಿ.

ಈ ಚಿಕ್ಕ ಪ್ರೋಗ್ರಾಂ ಬರೆಯುವಾಗ ಸಂಖ್ಯೆಗಳನ್ನು ನೇರವಾಗಿ ಕೋಡ್‌ನಲ್ಲಿ ಬರೆದರೆ ಜಾವಾಸಿ ಕಂಪೈಲ್ ಮಾಡುವಾಗಲೇ ಕೂಡಿ ಗುಣಿಸಿ ಉತ್ತರವನ್ನು ಕ್ಲಾಸ್ ಫೈಲಿನಲ್ಲಿ ಇಟ್ಟುಬಿಡುತ್ತದೆ. ನೀವು ಪರೀಕ್ಷಿಸಿದ್ದು ಕಂಪೈಲ್ ಮಾಡಿದ ಯಂತ್ರವನ್ನು, ಓಡಿಸಿದ ಯಂತ್ರವನ್ನಲ್ಲ ಎಂದಾಗುತ್ತದೆ. ಆದ್ದರಿಂದ ಇನ್‌ಪುಟ್‌ಗಳನ್ನು ಕಮಾಂಡ್ ಲೈನ್‌ನಿಂದ ಹೆಕ್ಸ್ ರೂಪದಲ್ಲಿ ತೆಗೆದುಕೊಂಡು ಡಬಲ್.ಪಾರ್ಸ್‌ಡಬಲ್ ಮಾಡಿ.

ನೇಟಿವ್ ಲೈಬ್ರರಿ ಇದ್ದರೆ

ಜೆಎನ್‌ಐ ಮೂಲಕ ಸಿ ಅಥವಾ ಸಿ++ ಲೈಬ್ರರಿ ಕರೆಯುತ್ತಿದ್ದರೆ ಜಾವಾದ ಭರವಸೆಗಳು ಆ ಗಡಿಯಲ್ಲೇ ನಿಲ್ಲುತ್ತವೆ. ಸಿ ಕಂಪೈಲರ್ ಆದ ಜಿಸಿಸಿ ತನ್ನ ಮಾಮೂಲಿ ಸ್ಥಿತಿಯಲ್ಲಿ ಗುಣಾಕಾರ-ಕೂಡಿಕೆಯನ್ನು ಎಫ್‌ಎಂಎಯಾಗಿ ಬೆಸೆಯುತ್ತದೆ. 64 ಬಿಟ್ ಆರ್ಮ್‌ನಲ್ಲಿ ಎಫ್‌ಎಂಎ ಯಾವಾಗಲೂ ಇದೆ. ಇಂಟೆಲ್‌ನಲ್ಲಿ ಕೇಳಿ ಕಂಪೈಲ್ ಮಾಡಿದರೆ ಮಾತ್ರ. ಅದೇ ಸಿ ಕೋಡ್ ಎರಡು ಉತ್ತರ ಕೊಡುವುದು ಇದರಿಂದಲೇ. -ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್ ಹಾಕಿ ಮತ್ತೆ ಕಂಪೈಲ್ ಮಾಡಿ ಹೋಲಿಸಿ.

ಇನ್ನೂ ಕೆಟ್ಟದ್ದು -ಎಫ್‌ಫಾಸ್ಟ್-ಮ್ಯಾಥ್. ಜಿಸಿಸಿ 13ಕ್ಕಿಂತ ಹಿಂದಿನವು ಈ ಆಯ್ಕೆಯಲ್ಲಿ ಕಟ್ಟಿದ ಶೇರ್ಡ್ ಲೈಬ್ರರಿಯೊಳಗೆ ಒಂದು ಚಿಕ್ಕ ಕೋಡ್ ಸೇರಿಸುತ್ತಿದ್ದವು. ಲೈಬ್ರರಿ ಲೋಡ್ ಆದ ಕ್ಷಣ ಅದು ಇಂಟೆಲ್ ಚಿಪ್‌ನ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರನ್ನು ಬದಲಿಸಿ, ಸೊನ್ನೆಗೆ ತೀರಾ ಹತ್ತಿರದ ಸಬ್‌ನಾರ್ಮಲ್ ಸಂಖ್ಯೆಗಳನ್ನೆಲ್ಲ ಸೊನ್ನೆಯಾಗಿಸುತ್ತದೆ. ಲೈಬ್ರರಿಯನ್ನು ನೀವು ಕರೆಯಲೇಬೇಕೆಂದಿಲ್ಲ, ಲೋಡ್ ಆದರೆ ಸಾಕು; ಆ ಥ್ರೆಡ್‌ನ ಶುದ್ಧ ಜಾವಾ ಲೆಕ್ಕವೂ ಕೆಡುತ್ತದೆ. ಪತ್ತೆ ಹೀಗೆ: 2.2250738585072014E-308 ಅನ್ನು ಅಕ್ಷರದಿಂದ ಪಾರ್ಸ್ ಮಾಡಿ 2ರಿಂದ ಭಾಗಿಸಿ. ಸೊನ್ನೆ ಬಂದರೆ ಯಾರೋ ರಿಜಿಸ್ಟರ್ ಮುಟ್ಟಿದ್ದಾರೆ. ಈ ಸ್ಥಿತಿ ಥ್ರೆಡ್‌ನಿಂದ ಥ್ರೆಡ್‌ಗೆ ಬೇರೆಯಾದ್ದರಿಂದ, ಲೆಕ್ಕ ನಡೆಯುವ ವರ್ಕರ್ ಥ್ರೆಡ್‌ನ ಒಳಗೇ ಇದನ್ನು ಪರೀಕ್ಷಿಸಿ. ಹೊಸ ಆವೃತ್ತಿಗಳಲ್ಲಿ ಹಾಟ್‌ಸ್ಪಾಟ್ ಲೈಬ್ರರಿ ಲೋಡ್ ಆದ ಮೇಲೆ ಇದನ್ನು ಗಮನಿಸಿ ಸರಿಮಾಡುತ್ತದೆ. ಹಳೆಯದರಲ್ಲಿ ಲೈಬ್ರರಿಯನ್ನೇ ಮತ್ತೆ ಕಟ್ಟಿಸಬೇಕು.

ಹಿಗ್ಗಿಸಿದ ಸಾಲು ಯಾವುದು?

50 ಲಕ್ಷ ಸಾಲ, ವರ್ಷಕ್ಕೆ 8.5 ಶೇಕಡಾ, 240 ಕಂತು. ಇಎಂಐ ಸುಮಾರು 43,391 ರೂಪಾಯಿ. ಸೂತ್ರದಲ್ಲಿ ಒಂದು ಮ್ಯಾಥ್.ಪೌ ಇದೆ, ಆದ್ದರಿಂದ ಎರಡು ಯಂತ್ರಗಳ ನಡುವೆ ಒಂದು ಯುಎಲ್‌ಪಿ ಹೆಚ್ಚುಕಡಿಮೆ ಬರಬಹುದು. ಈ ಮೊತ್ತದ ಹತ್ತಿರ ಒಂದು ಯುಎಲ್‌ಪಿ ಎಂದರೆ ಒಂದು ಪೈಸೆಯ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದು ತಾನಾಗಿ ಒಂದು ರೂಪಾಯಿ ಆಗಲಾರದು. ಆಗುವುದು ಮ್ಯಾಥ್.ಸೀಲ್ ಹಾಕಿದಾಗ. ನಿಜವಾದ ಉತ್ತರ ಪೂರ್ಣಾಂಕದ ಮೇಲೇ ಬಿದ್ದ ಸಾಲಗಳಲ್ಲಿ ಒಂದು ಯಂತ್ರ 43,392 ಎಂದೇ ಕೊಟ್ಟರೆ, ಇನ್ನೊಂದು ಅದಕ್ಕಿಂತ ಒಂದು ಯುಎಲ್‌ಪಿ ಹೆಚ್ಚು ಕೊಟ್ಟು, ಸೀಲ್ ಅದನ್ನು 43,393 ಮಾಡುತ್ತದೆ. ಲಕ್ಷ ಸಾಲಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ ಮಾತ್ರ ವ್ಯತ್ಯಾಸ ಕಾಣುವುದು ಇದಕ್ಕೇ. ಫ್ಲೋರ್, ಇಂಟ್‌ಗೆ ಕಾಸ್ಟ್ ಮಾಡುವುದು, ಎರಡು ಡಬಲ್ ಸಮವೇ ಎಂದು ಕೇಳುವುದು, ಸ್ಲ್ಯಾಬ್‌ನ ಅಂಚಿನಲ್ಲಿ 'ಗಿಂತ ಹೆಚ್ಚು' ಎಂದು ಕೇಳುವುದು, ಡಬಲ್ ಅನ್ನು ಮ್ಯಾಪ್‌ನ ಕೀ ಮಾಡುವುದು: ಎಲ್ಲವೂ ಇದೇ ಕೆಲಸ ಮಾಡುತ್ತವೆ.

ಎರಡನೆಯ ಉದಾಹರಣೆ ದೂರದ ಲೆಕ್ಕ. ಪುಣೆಯ ಸ್ವಾರಗೇಟ್‌ನಿಂದ ಮುಂಬೈಯ ದಾದರ್‌ಗೆ ಎಷ್ಟು ಕಿಲೋಮೀಟರ್ ಎಂದು ಅಕ್ಷಾಂಶ ರೇಖಾಂಶದಿಂದ ಹುಡುಕಲು ಹಲವರು ಕೊಸೈನ್ ಸೂತ್ರ ಬಳಸಿ ಕೊನೆಯಲ್ಲಿ ಮ್ಯಾಥ್.ಏಕಾಸ್ ಕರೆಯುತ್ತಾರೆ. ದೂರ ಹೆಚ್ಚಿದ್ದಾಗ ತೊಂದರೆ ಇಲ್ಲ. ಬಸ್ಸು ಸ್ವಾರಗೇಟ್‌ನಲ್ಲೇ ನಿಂತಿದ್ದರೆ ಎರಡೂ ಬಿಂದು ಒಂದೇ. ಏಕಾಸ್‌ಗೆ ಹೋಗಬೇಕಾದ್ದು 1. ಆದರೆ ಸೈನ್ ಮತ್ತು ಕಾಸ್‌ಗಳ ವರ್ಗ ಕೂಡಿದಾಗ ಕೊನೆಯ ಬಿಟ್‌ನ ಮೇಲೆ ಮೂರು ಬೆಲೆ ಸಾಧ್ಯ. ಸರಿಯಾಗಿ 1 ಬಂದರೆ ದೂರ ಸೊನ್ನೆ. ಒಂದು ಮೆಟ್ಟಿಲು ಕೆಳಗೆ ಬಂದರೆ ಸುಮಾರು 9.5 ಸೆಂಟಿಮೀಟರ್. ಒಂದು ಮೆಟ್ಟಿಲು ಮೇಲೆ, 1.0000000000000002 ಬಂದರೆ, ನ್ಯಾನ್. ನ್ಯಾನ್ ಅನ್ನು ಇಂಟ್‌ಗೆ ಕಾಸ್ಟ್ ಮಾಡಿದರೆ ಜಾವಾ ಸದ್ದಿಲ್ಲದೆ 0 ಕೊಡುತ್ತದೆ. ಸಮ, ಹೆಚ್ಚು, ಕಡಿಮೆ ಎಂದು ಯಾವುದರ ಜೊತೆ ಹೋಲಿಸಿದರೂ ಸುಳ್ಳು ಎನ್ನುತ್ತದೆ. ಒಂದೇ ಜಾಗಕ್ಕೆ ಒಂದು ಯಂತ್ರದಲ್ಲಿ ಸೊನ್ನೆ, ಇನ್ನೊಂದರಲ್ಲಿ ನ್ಯಾನ್ ಎಂದರೆ ದೋಷ ಜೆವಿಎಂನದಲ್ಲ, ಸೂತ್ರದ್ದು. ದೂರಕ್ಕೇ ಇರುವ ಇನ್ನೊಂದು ಸೂತ್ರ, ಹ್ಯಾವರ್‌ಸೈನ್, ಒಂದೇ ಬಿಂದುವಿಗೆ ಸರಿಯಾಗಿ ಸೊನ್ನೆ ಕೊಡುತ್ತದೆ. ಅದರ ಏಸೈನ್‌ಗೆ ಹೋಗುವ ಬೆಲೆಯನ್ನೂ ಮ್ಯಾಥ್.ಮಿನ್ ಬಳಸಿ 1ಕ್ಕೆ ಕಟ್ಟಿಹಾಕಿ.

ರಿಪೇರಿ

ಹಣ ಎಂದರೆ ಡಬಲ್ ಬಿಡಿ. ಪೈಸೆಯನ್ನು ಲಾಂಗ್‌ನಲ್ಲಿಡಿ, ಅಥವಾ ಬಿಗ್‌ಡೆಸಿಮಲ್ ಬಳಸಿ, ಅದಕ್ಕೆ ಬೆಲೆಯನ್ನು ಅಕ್ಷರವಾಗಿ ಕೊಡಿ, ಡಬಲ್ ಆಗಿ ಅಲ್ಲ. ಇಎಂಐನ ಘಾತವನ್ನು ಬಿಗ್‌ಡೆಸಿಮಲ್.ಪೌಗೆ 240 ಮತ್ತು ಮ್ಯಾಥ್‌ಕಾಂಟೆಕ್ಸ್ಟ್.ಡೆಸಿಮಲ್128 ಕೊಟ್ಟು ಮಾಡಿ. ಮ್ಯಾಥ್‌ಕಾಂಟೆಕ್ಸ್ಟ್ ಕೊಡದಿದ್ದರೆ ಅಂಕೆಗಳು ಸಾವಿರಗಟ್ಟಲೆ ಬೆಳೆಯುತ್ತವೆ. ರೌಂಡಿಂಗ್ ಯಾವ ಹಂತದಲ್ಲಿ, ಯಾವ ವಿಧಾನದಲ್ಲಿ ಎಂಬುದನ್ನು ಒಂದೇ ಕಡೆ ಬರೆದು, ಉಳಿದ ಎಲ್ಲ ಕಡೆಯಿಂದ ತೆಗೆದುಹಾಕಿ.

ವೈಜ್ಞಾನಿಕ ಲೆಕ್ಕ, ಎರಡು ಯಂತ್ರಗಳಲ್ಲಿ ಬಿಟ್‌ವರೆಗೆ ಒಂದೇ ಬೇಕು ಎಂದರೆ ಸ್ಟ್ರಿಕ್ಟ್‌ಮ್ಯಾಥ್ ಹಾಕಿ, ಕೂಡುವ ಕ್ರಮವನ್ನು ವಿಂಗಡಿಸಿ ಕಟ್ಟಿಹಾಕಿ. ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಎಷ್ಟು ಎಂಬುದನ್ನು ನಿಮ್ಮ ಕೋಡ್ ಮೇಲೇ ಅಳೆಯಿರಿ. ಬಿಟ್‌ವರೆಗೆ ಒಂದೇ ಬೇಕಾಗಿಲ್ಲ ಎಂದರೆ ಮ್ಯಾಥ್ ಅನ್ನು ಹಾಗೇ ಬಿಟ್ಟು ಹಿಗ್ಗಿಸುವ ಸಾಲನ್ನು ಮಾತ್ರ ತಿದ್ದಿ.

ಟೆಸ್ಟ್‌ಗಳಲ್ಲಿ ಡೆಲ್ಟಾ (ಒಪ್ಪಬಹುದಾದ ವ್ಯತ್ಯಾಸ) ಕೊಡುವಾಗ ಸಂಖ್ಯೆಯ ಗಾತ್ರ ನೋಡಿ ಕೊಡಬೇಕು. 43,391ರ ಹತ್ತಿರ ಒಂದು ಯುಎಲ್‌ಪಿಯೇ ಸುಮಾರು 0.0000000000073, ಅಲ್ಲಿ ಡೆಲ್ಟಾ 1E-12 ಎಂದು ಬರೆದರೆ ಸಡಿಲ ಕೊಟ್ಟ ಹಾಗೆ ಕಂಡರೂ ನಿಜಕ್ಕೆ ಬಿಟ್‌ವರೆಗೆ ಒಂದೇ ಇರಲಿ ಎಂದು ಕೇಳಿದಂತೆ. ಇನ್ನೊಂದು ತುದಿಯಲ್ಲಿ, ಕಾರಣ ತಿಳಿಯದೆ ಡೆಲ್ಟಾವನ್ನು 0.01ಕ್ಕೆ ಏರಿಸಿ ಟೆಸ್ಟ್ ಹಸಿರು ಮಾಡಿದರೆ ನಾಳೆಯ ನಿಜವಾದ ತಪ್ಪೂ ಅದರೊಳಗೇ ಹಾದುಹೋಗುತ್ತದೆ. ನಾಲ್ಕು ಯುಎಲ್‌ಪಿ, ಎಂಟು ಯುಎಲ್‌ಪಿ ಎಂದು ಅಳತೆಯಿಟ್ಟು ಕೊಡಿ, ಏಕೆ ಅಷ್ಟು ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ನಿರೀಕ್ಷಿತ ಉತ್ತರಗಳ ಫೈಲನ್ನು ಹೆಕ್ಸ್ ರೂಪದಲ್ಲಿ ಉಳಿಸಿ, ಯಾವ ಜೆಡಿಕೆ, ಯಾವ ಚಿಪ್ ಮೇಲೆ ತಯಾರಾಯಿತು ಎಂಬುದು ಅದರ ಮೊದಲ ಸಾಲಿನಲ್ಲಿರಲಿ. ಪ್ರತಿ ಬಿಲ್ಡ್‌ನಲ್ಲೂ ಇಂಟೆಲ್ ಮತ್ತು ಆರ್ಮ್ ಎರಡರ ಮೇಲೂ ಈ ಟೆಸ್ಟ್‌ಗಳು ಓಡಲಿ. ಜೆಡಿಕೆ ಬದಲಿಸುವ ವಾರ ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಓಡಿಸಿ, ಬದಲಾದ ದಾಖಲೆಗಳ ಪಟ್ಟಿಯನ್ನು ಲೆಕ್ಕಪತ್ರ ನೋಡುವವರ ಕೈಗೆ ಮೊದಲೇ ಕೊಡಿ.